ಭತ್ತದ ಅಂಗಮಾರಿ: ‘ನಿರೋಧಕ’ ಎಂಬ ಪದದ ತೂಕ ಎಷ್ಟು?

“ದುಂಡಾಣು ಅಂಗಮಾರಿಗೆ ನಿರೋಧಕ ತಳಿಗಳನ್ನು ಬೆಳೆಯಿರಿ.” ಭತ್ತದ ಬಗೆಗಿನ ಯಾವ ಕೈಪಿಡಿ ತೆರೆದರೂ ಈ ಮಾತು ಸಿಗುತ್ತದೆ. ಸಲಹೆ ಸರಿಯಾದದ್ದೇ. ಆದರೆ ಯಾವುದಕ್ಕೆ ನಿರೋಧಕ, ಯಾವ ಹಂತದಲ್ಲಿ, ಎಷ್ಟು ಕಾಲ ಎಂಬ ಪ್ರಶ್ನೆಗಳನ್ನು ಆ ಒಂದು ಪದ ಮುಚ್ಚಿಬಿಡುತ್ತದೆ. ವಿಜ್ಞಾನ ಬರವಣಿಗೆಯೂ ಹಲವು ವೇಳೆ ಅದೇ ತಪ್ಪು ಮಾಡುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರಾಗಿ, ರೇಷ್ಮೆ, ಮಾವಿನ ಸೀಮೆ. ಇಲ್ಲಿ ಭತ್ತವಿರುವುದು ಕೆರೆ ಬಯಲುಗಳಲ್ಲಿ ಮತ್ತು ಕಣ್ವ, ಮಂಚನಬೆಲೆ, ಇಗ್ಗಲೂರಿನ ನೀರು ತಲಪುವಲ್ಲಿ. ಗದ್ದೆಯಿಂದ ಗದ್ದೆಗೆ ನೀರು ಹರಿಯುವ ಇಂಥ ಬಯಲುಗಳಲ್ಲಿ ಕ್ಸಾಂತೊಮೋನಾಸ್ ಒರೈಝೆ ಎಂಬ ಈ ಬ್ಯಾಕ್ಟೀರಿಯಕ್ಕೆ ದಾರಿ ಸುಲಭ. ಗಾಳಿಮಳೆ ಅದನ್ನು ಹರಡುತ್ತದೆ. ಎಲೆಯಂಚಿನ ಜಲರಂಧ್ರ ಮತ್ತು ಗಾಯಗಳ ಮೂಲಕ ಅದು ಒಳಹೊಗುತ್ತದೆ. ನಾಟಿಯ ವೇಳೆ ಪೈರಿನ ತುದಿ ಕತ್ತರಿಸಿದರೆ ನಾವೇ ಬಾಗಿಲು ತೆರೆದಂತೆ. ಯೂರಿಯ ಹೆಚ್ಚಾದರೆ ರೋಗ ಇನ್ನಷ್ಟು ಬಲಿಯುತ್ತದೆ.

ರೋಗಕ್ಕೆ ಪಕ್ಕಾ ಔಷಧವಿಲ್ಲ. ರೈತರು ಸಿಂಪಡಿಸುತ್ತ ಬಂದದ್ದು ಸ್ಟ್ರೆಪ್ಟೊಮೈಸಿನ್–ಟೆಟ್ರಾಸೈಕ್ಲಿನ್ ಮಿಶ್ರಣ. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯಕ್ಕೂ ಬಳಕೆಯಾದ ಔಷಧ. ಕೃಷಿಯಲ್ಲಿ ಇವುಗಳ ಬಳಕೆ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಹೀಗಾಗಿ ತಳಿಯಲ್ಲೇ ಇರುವ ನಿರೋಧಕ ಶಕ್ತಿಯ ಮೇಲೆ ಭಾರ ಹೆಚ್ಚಿದೆ.

ಈ ಕ್ಷೇತ್ರದ ಹೆಸರಾಂತ ಜೀನ್ ಎಕ್ಸ್‌ಎ-21. ಅದರ ಮೂಲ ಆಫ್ರಿಕದ ಮಾಲಿ ದೇಶದ ಕಾಡು ಭತ್ತ. ಅದರ ನಿರೋಧಕ ಗುಣವನ್ನು 1970ರ ದಶಕದಲ್ಲಿ ಗುರುತಿಸಿದ್ದು ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ; ಬೆಳೆಭತ್ತಕ್ಕೆ ತಂದದ್ದು ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಸಂಸ್ಥೆ. 1995ರಲ್ಲಿ ಕ್ಯಾಲಿಫೋರ್ನಿಯದ ಪಮೇಲಾ ರೊನಾಲ್ಡ್ ತಂಡ ಜೀನನ್ನು ಪ್ರತ್ಯೇಕಿಸಿತು. ಅಲ್ಲಿಂದ ‘ಪವಾಡ ಜೀನ್’ ಕಥೆ ಶುರುವಾಯಿತು. ಕಥೆಯಲ್ಲಿ ಬಿಟ್ಟುಹೋಗುವ ಸಂಗತಿಗಳು ಎರಡು. ಒಂದು, ಈ ಜೀನ್ ಎಳೆಯ ಪೈರಿನಲ್ಲಿ ದುರ್ಬಲ, ಬೆಳೆದ ಗಿಡದಲ್ಲಿ ಪ್ರಬಲ. ಅಂದರೆ ನಾಟಿಯ ಗಾಯವಾಗುವ ಹೊತ್ತಿಗೆ ಕಾವಲುಗಾರ ಪೂರ್ತಿ ಎಚ್ಚರವಾಗಿರುವುದಿಲ್ಲ! ಎರಡು, ಅದು ಬ್ಯಾಕ್ಟೀರಿಯದ ಯಾವ ಗುರುತನ್ನು ಹಿಡಿಯುತ್ತದೆಂಬ ಬಗ್ಗೆ 2009ರಲ್ಲಿ ಪ್ರಕಟವಾದ ಪ್ರಬಂಧವನ್ನು ಅದೇ ತಂಡ 2013ರಲ್ಲಿ ಹಿಂಪಡೆಯಿತು. ರ್‍ಯಾಕ್ಸ್-ಎಕ್ಸ್ ಎಂಬ ನಿಜವಾದ ಗುರುತು 2015ರಲ್ಲಿ ಪ್ರಕಟವಾಯಿತು. ತಪ್ಪನ್ನು ಒಪ್ಪಿಕೊಂಡದ್ದು ವಿಜ್ಞಾನಕ್ಕೆ ಗೌರವ. ಅದನ್ನು ಓದುಗರಿಗೆ ಹೇಳದಿರುವುದು ಬರಹಗಾರರ ಲೋಪ.

ಇದಕ್ಕಿಂತ ಗಟ್ಟಿಯಾದ ಕೆಲಸ ನಡೆದದ್ದು ಹೈದರಾಬಾದಿನಲ್ಲಿ. ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ ಸೇರಿ ‘ಸುಧಾರಿತ ಸಾಂಬಾ ಮಸೂರಿ’ ರೂಪಿಸಿದವು. 2008ರಲ್ಲಿ ಅದು ಬಿಡುಗಡೆಯಾಯಿತು. ಬಿಪಿಟಿ-5204 ತಳಿಗೆ ಎಕ್ಸ್‌ಎ-21, ಎಕ್ಸ್‌ಎ-13, ಎಕ್ಸ್‌ಎ-5 ಎಂಬ ಮೂರು ಜೀನ್‌ಗಳನ್ನು ಸಂಕರಣದ ಮೂಲಕವೇ, ಡಿಎನ್‌ಎ ಗುರುತುಗಳ ನೆರವಿನಿಂದ ಸೇರಿಸಲಾಯಿತು. ಇದು ಕುಲಾಂತರಿ ಅಲ್ಲ. ಮೂರೂ ಬೇರೆ ಬೇರೆ ಬೀಗಗಳು ಎಂಬುದೇ ಇದರ ಜಾಣ್ಮೆ. ಬ್ಯಾಕ್ಟೀರಿಯ ಗಿಡದ ಸಕ್ಕರೆ ಸಾಗಿಸುವ ಜೀನೊಂದನ್ನು ಚಾಲೂ ಮಾಡಿ ಆಹಾರ ಕದಿಯುತ್ತದೆ. ಎಕ್ಸ್‌ಎ-13ರಲ್ಲಿ ಆ ಗುಂಡಿಯೇ ಬದಲಾಗಿದೆ. ಕಳ್ಳ ಇನ್ನೊಂದು ಸಕ್ಕರೆ ಜೀನಿನ ಗುಂಡಿ ಹುಡುಕಿಕೊಂಡರೆ ಆ ಬೀಗ ಒಂಟಿಯಾಗಿ ಸೋಲುತ್ತದೆ. ಜೊತೆಯಲ್ಲಿ ಇನ್ನೆರಡು ಇದ್ದರೆ ಸೋಲಿಸುವುದು ಕಷ್ಟ.

ಈ ಮೆಚ್ಚುಗೆಯ ಜೊತೆಗೇ ಆಕ್ಷೇಪಗಳೂ ಇವೆ. ಮೊದಲನೆಯದು ಅವಧಿ. ಬಿಪಿಟಿ-5204 ಸುಮಾರು 140–150 ದಿನಗಳ ದೀರ್ಘಾವಧಿ ತಳಿ. ತುಂಗಭದ್ರೆಯ ಕಾಲುವೆಗೆ ಹೊಂದುತ್ತದೆ. ತಡವಾಗಿ ತುಂಬಿ ಬೇಗ ಬತ್ತುವ ಕೆರೆಯ ಕೆಳಗೆ ಅಷ್ಟು ದಿನ ಕಾಯುವುದು ಜೂಜು. ಅಲ್ಲಿಗೆ ಬೇಕಾದದ್ದು ಅಲ್ಪಾವಧಿ ತಳಿಗಳಲ್ಲಿ ಇದೇ ಮೂರು ಬೀಗಗಳು. ಎರಡನೆಯದು ಬೀಜ. ಎಕ್ಸ್‌ಎ-13 ಮತ್ತು ಎಕ್ಸ್‌ಎ-5 ಅಪ್ರಬಲ ಜೀನ್‌ಗಳು; ಎರಡೂ ಪ್ರತಿಗಳಿದ್ದರೆ ಮಾತ್ರ ಫಲ. ಹೈಬ್ರಿಡ್‌ನಲ್ಲಾದರೆ ತಂದೆ-ತಾಯಿ ಇಬ್ಬರಲ್ಲೂ ಅವು ಇರಬೇಕು. ಬೀಜದಲ್ಲಿ ಬೆರಕೆಯಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಕಾಳಿನಲ್ಲಿ ಎಲ್ಲ ಒಂದೇ. ಮೂರನೆಯದು ನಿಗಾ. ಬ್ಯಾಕ್ಟೀರಿಯದ ರೂಪಗಳು ಊರಿಂದೂರಿಗೆ ಬೇರೆ. ಒಂದು ಕಡೆ ಗೆದ್ದ ತಳಿಯನ್ನು ಇನ್ನೊಂದು ಕಡೆ ಪರೀಕ್ಷಿಸದೆ ‘ನಿರೋಧಕ’ ಎನ್ನುವುದು ಅವಸರದ ಮಾತು.

ಹಿಪ್ಪುನೇರಳೆಯ ಕಣ್ವ-2 ತಳಿಯನ್ನು ಆಯ್ದು ನಾಡಿಗೆ ಕೊಟ್ಟದ್ದು ಚನ್ನಪಟ್ಟಣದ ಕಣ್ವ. ಸ್ಥಳೀಯವಾಗಿ ಆಯ್ದು, ಸ್ಥಳೀಯವಾಗಿ ನೋಡುವ ಪಾಠ ಈ ಸೀಮೆಗೆ ಹೊಸದಲ್ಲ. ಭತ್ತಕ್ಕೂ ಅದೇ ಬೇಕು. ರೈತರೂ ಒಂದು ಪರೀಕ್ಷೆ ಮಾಡಬಹುದು: ತುದಿಯಿಂದ ಅಲೆಯಂಚಿನಂತೆ ಹಳದಿಯಾದ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗಿಡಿ. ಕೆಲ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಅಂಗಮಾರಿ. ‘ನಿರೋಧಕ’ ಎಂದು ಕೊಂಡ ತಳಿಯಲ್ಲಿ ಹಾಗೆ ಕಂಡರೆ ಸುಮ್ಮನಿರದೆ ಕೃಷಿ ವಿಜ್ಞಾನಿಗಳಿಗೆ ತಿಳಿಸಿ. ತಳಿಯ ಹಣೆಪಟ್ಟಿ ನಿಜವೋ ಅಲ್ಲವೋ ಎಂಬುದಕ್ಕೆ ಕೊನೆಯ ಸಾಕ್ಷಿ ಆ ಲೋಟವೇ.