ಆಕಾಶದ ಕಡತವೂ ನಮ್ಮಜ್ಜಿಯ ಪದಗಳೂ

ಜಗತ್ತಿನಲ್ಲಿ ನಡೆದದ್ದು, ಆಡಿದ್ದು, ನೆನೆದದ್ದು ಯಾವುದೂ ಅಳಿಯುವುದಿಲ್ಲ. ಎಲ್ಲವೂ ಆಕಾಶದಲ್ಲಿ ದಾಖಲಾಗಿ ಕೂತಿದೆ. ಋಷಿಗಳು ಹೇಳಿದ್ದನ್ನು ಈಗ ಭೌತಶಾಸ್ತ್ರವೇ ಒಪ್ಪಿಕೊಂಡಿದೆ. ಹೀಗಂತ ಭಾಷಣಕಾರರೊಬ್ಬರು ನಮ್ಮ ಕಡೆಯ ಒಂದು ಕಾಲೇಜಿಗೆ ಬಂದು ಹೇಳಿ ಹೋದರು. ಹುಡುಗರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು, ಸುಳ್ಳು ಯಾಕೆ ಹೇಳೋಣ. ನಮ್ಮಜ್ಜಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನಾಟಿ ಹಾಕುವಾಗ, ರಾಗಿ ಬೀಸುವಾಗ, ಹೆಣದ ಮುಂದೆ ಕೂತಾಗ ಅವಳು ಹೇಳುತ್ತಿದ್ದ ಪದಗಳನ್ನು ಯಾರೂ ಬರೆದುಕೊಂಡಿರಲಿಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಕಲಿತ ಅಕ್ಷರವನ್ನೆಲ್ಲ ಪರೀಕ್ಷೆಗೆ ಖರ್ಚು ಮಾಡಿ, ಅಜ್ಜಿಗೆ ಒಂದು ನೋಟ್‌ಬುಕ್ಕೂ ಮೀಸಲಿಡದವರು. ಅಂಥವರಿಗೆ ‘ಯಾವುದೂ ಅಳಿದಿಲ್ಲ’ ಎಂಬ ಮಾತು ಎಷ್ಟು ತಂಪಾಗಿ ಕೇಳಿಸುತ್ತದೆ ಎನ್ನುವುದನ್ನು ಓದುಗರೇ ಊಹಿಸಬಹುದು.

ಆ ತಂಪಿನಲ್ಲೇ ನಾವು ಭಾಷಣಕಾರರು ಹೆಸರಿಸಿದ ಪುಸ್ತಕವನ್ನು ಹುಡುಕಿ ಓದಿದೆವು. 1932ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಎರ್ವಿನ್ ಲಾಸ್ಲೋ 2004ರಲ್ಲಿ ಪ್ರಕಟಿಸಿದ ‘ಸೈನ್ಸ್ ಅಂಡ್ ದಿ ಆಕಾಶಿಕ್ ಫೀಲ್ಡ್’. ಆತ ಬಾಲ್ಯದಲ್ಲೇ ಪಿಯಾನೋ ನುಡಿಸಿ ಹೆಸರು ಮಾಡಿದವರು, ಆಮೇಲೆ ದಾರ್ಶನಿಕರಾದವರು. ಅವರ ವಾದ ಸರಳ. ಖಾಲಿ ಎಂದು ನಾವು ತಿಳಿದ ಬಯಲು, ಅಂದರೆ ಕ್ವಾಂಟಂ ನಿರ್ವಾತ, ಖಾಲಿಯಲ್ಲ. ಸಮುದ್ರದ ಮೇಲೆ ಹಡಗು ಹೋದರೆ ಹಿಂದೆ ಅಲೆ ಏಳುತ್ತದಲ್ಲ, ಹಾಗೆ ಪ್ರತಿ ಕಣವೂ ಪ್ರತಿ ಜೀವವೂ ಈ ಬಯಲಿನಲ್ಲಿ ಗುರುತು ಬಿಡುತ್ತದೆ. ಅಲ್ಲಿ ಘರ್ಷಣೆ ಇಲ್ಲದ್ದರಿಂದ ಆ ಗುರುತು ಮಾಯುವುದಿಲ್ಲ. ಭೌತಜಗತ್ತೂ ನಮ್ಮ ಪ್ರಜ್ಞೆಯೂ ಈ ಒಂದೇ ಮಾಹಿತಿ ಕ್ಷೇತ್ರದಿಂದ ಎದ್ದವು. ಅದಕ್ಕೆ ಅವರು ಸಂಸ್ಕೃತದಿಂದಲೇ ಹೆಸರು ತೆಗೆದುಕೊಂಡರು: ಆಕಾಶ.

ಫೀಲ್ಡ್ ಅಂದರೆ ಹೊಲ. ಹೊಲ ಅಂದಮೇಲೆ ಪಹಣಿ ಯಾರ ಹೆಸರಿನಲ್ಲಿದೆ ಅಂತ ಕೇಳುವುದು ನಮ್ಮ ಜನಕ್ಕೆ ಅಭ್ಯಾಸ.

ಈ ಹೊಲದ ಹಳೆಯ ಪಹಣಿ ತೆಗೆದರೆ ಅಲ್ಲಿ ಕಾಣುವುದು ಋಷಿಗಳಿಗಿಂತ ಹೆಚ್ಚಾಗಿ ಥಿಯಾಸಫಿಯವರು. ‘ಆಕಾಶದ ಕಡತ’ ಎಂಬ ಕಲ್ಪನೆಯನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯರು ಲೆಡ್‌ಬೀಟರ್. ಅವರ ‘ಕ್ಲೇರ್‌ವಾಯನ್ಸ್’ 1899ರದು. ಮುಂದೆ ಇದೇ ಮಹಾಶಯರು ಮದರಾಸಿನ ಅಡ್ಯಾರಿನಲ್ಲಿ ಕೂತು ಆ ಕಡತವನ್ನೇ ‘ಓದಿ’, ಬಾಲಕ ಜಿಡ್ಡು ಕೃಷ್ಣಮೂರ್ತಿಯ ಹಿಂದಿನ ಜನ್ಮಗಳನ್ನು ಬರೆದರು. ಆ ಜನ್ಮಗಳಲ್ಲಿ ಬಂಧುಬಳಗವಾಗಿ ಬರುವವರು ಸಂಘದ ಮುಖಂಡರೇ! ವಿಶ್ವದ ದಫ್ತರು ತೆರೆದಾಗ ಮೊದಲು ಸಿಕ್ಕಿದ್ದು ತಮ್ಮವರ ಹೆಸರೇ. ಊರಿನ ದಫ್ತರಿನಲ್ಲೂ ಹೀಗೇ ಆಗುತ್ತದೆ.

ಆಗ ಈ ಆಕಾಶಕ್ಕೆ ಬಾಡಿಗೆ ಮನೆ ಕೊಟ್ಟಿದ್ದು ಈಥರ್. ಬೆಳಕು ಹರಿಯಲು ಜಗತ್ತನ್ನೆಲ್ಲ ತುಂಬಿದ ಒಂದು ಮಾಧ್ಯಮ ಇದೆ ಎಂದು 19ನೇ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಹುಡುಕಿದರು, ಅದರ ಸುಳಿವು ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲವೆಂದು ತೋರಿಸಿದರು. ಮನೆ ಬಿತ್ತು. ಬಾಡಿಗೆಯವರು ಮಾತ್ರ ಬೀದಿಗೆ ಬೀಳಲಿಲ್ಲ, ಗಂಟುಮೂಟೆ ಸಮೇತ ಕ್ವಾಂಟಂ ನಿರ್ವಾತಕ್ಕೆ ಬಂದರು.

ನಿರ್ವಾತ ಬರೀ ಬಯಲಲ್ಲ ಎನ್ನುವುದು ನಿಜ. ಎರಡು ಲೋಹದ ಹಾಳೆಗಳನ್ನು ಬಲು ಹತ್ತಿರ ನಿಲ್ಲಿಸಿದರೆ ಅವು ಒಂದರ ಕಡೆಗೊಂದು ಸರಿಯುತ್ತವೆ ಎಂದು 1948ರಲ್ಲಿ ಕ್ಯಾಸಿಮಿರ್ ಲೆಕ್ಕ ಹಾಕಿದರು. 1997ರಲ್ಲಿ ಲಾಮೊರೊ ಅದನ್ನು ಅಳೆದು ತೋರಿಸಿದರು. ಆದರೆ ನಿರ್ವಾತ ಎಂದರೆ ಶಕ್ತಿಯ ಅತಿ ಕೆಳಗಿನ ಸ್ಥಿತಿ. ಸ್ಲೇಟಿನ ಮೇಲೆ ಒಂದು ಗೆರೆ ಎಳೆದ ಗಳಿಗೆಗೇ ಅದು ಖಾಲಿ ಸ್ಲೇಟಲ್ಲ. ಹಾಗೇ ಗುರುತು ಬಿದ್ದ ನಿರ್ವಾತ ನಿರ್ವಾತವಾಗಿ ಉಳಿಯುವುದಿಲ್ಲ. ಉಳಿಯುತ್ತದೆ ಅನ್ನುವವರು ಎಷ್ಟು ಗುರುತು, ಯಾವ ಉಪಕರಣದಲ್ಲಿ ಎಷ್ಟು ಕಾಣಬೇಕು ಅಂತ ಹೇಳಬೇಕು. ಕ್ಯಾಸಿಮಿರ್ ಕೊಟ್ಟಂಥ ಒಂದು ಲೆಕ್ಕ ಈ ಪುಸ್ತಕದಲ್ಲಿ ನಮಗೆ ಸಿಗಲಿಲ್ಲ. ಹೋಲಿಕೆಗಳು ಸಿಕ್ಕವು. ಕವಿತೆ ಬರೆಯುವ ನಮಗೆ ಹೋಲಿಕೆಯ ಬೆಲೆ ಗೊತ್ತು, ಅದರ ಮೋಸವೂ ಗೊತ್ತು.

ದೊಡ್ಡ ಮೋಸ ನಡೆಯುವುದು ‘ಮಾಹಿತಿ’ ಎಂಬ ಮಾತಿನಲ್ಲೇ. 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿಯನ್ನು ಅಳೆಯುವ ಗಣಿತ ಕೊಟ್ಟಾಗ, ಅರ್ಥದ ಪ್ರಶ್ನೆ ತನ್ನ ಕೆಲಸಕ್ಕೆ ಸಂಬಂಧಿಸಿದ್ದಲ್ಲ ಎಂದು ಮೊದಲೇ ಹೇಳಿಬಿಟ್ಟರು. 2013ರಲ್ಲಿ ನಿಂತುಹೋದ ತಂತಿಯನ್ನು ನೆನೆಸಿಕೊಳ್ಳಿ. ‘ಅವ್ವ ತೀರಿಕೊಂಡಳು’ ಅಂದರೂ ಎರಡು ಮಾತು, ‘ಹಸು ಈಯಿತು’ ಅಂದರೂ ಎರಡು ಮಾತು. ಪೋಸ್ಟಾಫೀಸಿನವರು ಎರಡಕ್ಕೂ ಒಂದೇ ದುಡ್ಡು ಇಸಕೊಳ್ಳುತ್ತಿದ್ದರು. ಭೌತಶಾಸ್ತ್ರ ಎಣಿಸುವ ಮಾಹಿತಿ ಈ ಪೋಸ್ಟಾಫೀಸಿನ ಲೆಕ್ಕದ್ದು. ಅಳು ಇರುವುದು ತಂತಿ ಓದಿದವಳ ಎದೆಯಲ್ಲಿ. ಲಾಸ್ಲೋ ಮೊದಲ ಪುಟಗಳಲ್ಲಿ ಪೋಸ್ಟಾಫೀಸಿನ ಲೆಕ್ಕ ತೋರಿಸಿ ಕೊನೆಯ ಪುಟಗಳಲ್ಲಿ ಅಳುವನ್ನು ಕೊಡುತ್ತೇವೆ ಅನ್ನುತ್ತಾರೆ. ನಡುವೆ ಸೇತುವೆ ಇಲ್ಲ.

ಇನ್ನು ಕ್ವಾಂಟಂ ಹೆಣಿಗೆಯ ಮಾತು. ಎಷ್ಟೇ ದೂರದ ಎರಡು ಕಣಗಳೂ ತಾಳೆಯಾಗುತ್ತವೆ. 1964ರ ಬೆಲ್‌ರ ಲೆಕ್ಕವನ್ನು ಪ್ರಯೋಗದಲ್ಲಿ ತೋರಿಸಿದ ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ‘ನೋಡಿ, ವಿಶ್ವವೆಲ್ಲ ಒಂದೇ ಮನಸ್ಸು’ ಅಂದರು ಭಾಷಣಕಾರರು. ಆದರೆ ಆ ತಾಳೆ ಕಾಣಬೇಕಾದರೆ ಎರಡು ಕಡೆಯ ಪಟ್ಟಿಗಳು ಒಂದು ಮೇಜಿಗೆ ಬರಬೇಕು. ಪಟ್ಟಿ ಬರುವುದು ಫೋನಿನಲ್ಲೋ ಬಸ್ಸಿನಲ್ಲೋ, ಬೆಳಕಿಗಿಂತ ವೇಗವಾಗಿ ಬರಲಾರದು. ಹೆಣಿಗೆಯೊಂದರಿಂದಲೇ ಒಂದಕ್ಷರದ ಸುದ್ದಿಯನ್ನೂ ಕಳಿಸಲಾಗದು ಎಂಬುದು ಅದೇ ಕ್ವಾಂಟಂ ಸಿದ್ಧಾಂತದ ತೀರ್ಮಾನ.

ಮಾಹಿತಿಯೇ ಜಗತ್ತಿನ ಮೂಲವೇ ಎಂಬ ಪ್ರಶ್ನೆಯನ್ನು ನಾವು ಗೇಲಿ ಮಾಡುತ್ತಿಲ್ಲ. ಅದು ದೊಡ್ಡವರು ಕೇಳಿದ ಪ್ರಶ್ನೆ. 1989ರಲ್ಲಿ ಜಾನ್ ವೀಲರ್, ಪ್ರತಿ ವಸ್ತುವೂ ಕೊನೆಗೆ ಹೌದು-ಇಲ್ಲ ಎಂಬ ಉತ್ತರಗಳಿಂದಲೇ ಹುಟ್ಟುತ್ತದೆಯೇ ಎಂದು ಕೇಳಿದರು. ಆದರೆ ವೀಲರ್‌ರ ಹೌದು-ಇಲ್ಲಗಳು ಉಪಕರಣ ಇಟ್ಟು ಪ್ರಶ್ನೆ ಹಾಕಿದಾಗ ದಾಖಲಾಗುವಂಥವು. ಮೊದಲೇ ಬರೆದಿಟ್ಟ ಉಗ್ರಾಣದವಲ್ಲ. ಐಬಿಎಂನಲ್ಲಿದ್ದ ರಾಲ್ಫ್ ಲ್ಯಾಂಡವರ್ 1961ರಲ್ಲೇ ಇನ್ನೊಂದು ಮಾತು ಹೇಳಿದ್ದರು, ಅದು ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು. ಮಾಹಿತಿಗೆ ಮೈ ಬೇಕು. ಕಲ್ಲೋ, ಕಾಗದವೋ, ಮಿದುಳೋ, ಏನಾದರೊಂದು. ಅದರಲ್ಲಿ ಒಂದು ಬಿಟ್ ಅಳಿಸಬೇಕಾದರೂ ಒಂದಿಷ್ಟು ಬಿಸಿ ಹೊರಬೀಳಲೇಬೇಕು. ಎಷ್ಟು ಅಂದರೆ, ಒಂದು ಜೂಲನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಕೋಟಿ ಚೂರು ಮಾಡಿದರೆ ಅಂಥ ಸುಮಾರು ಮೂರು ಚೂರು. ಇಷ್ಟು ಸಣ್ಣ ಬೆವರನ್ನೂ 2012ರಲ್ಲಿ ಪ್ರಯೋಗ ಮಾಡಿ ಅಳೆದಿದ್ದಾರೆ. ಕೂಲಿ ಇಲ್ಲದೆ ನೆನಪಿಲ್ಲ ಎಂಬುದನ್ನು ಭೌತಶಾಸ್ತ್ರವೇ ಹೇಳಿದಾಗ ನಮಗೆ ಖುಷಿಯಾಯಿತು.

ಇಲ್ಲೊಂದು ಮಾತನ್ನು ಒಪ್ಪಿಕೊಳ್ಳಬೇಕು, ಮುಚ್ಚಿಟ್ಟರೆ ಅನ್ಯಾಯ. ಸುಟ್ಟ ಕಾಗದದ ಮಾಹಿತಿ ಕೂಡ ಹೊಗೆ, ಬೂದಿ, ಬೆಳಕು, ಬಿಸಿಯಲ್ಲಿ ಚೆದುರಿ ಉಳಿದೇ ಇರುತ್ತದೆ. ಕ್ವಾಂಟಂ ನಿಯಮದ ಪ್ರಕಾರ ಅದು ಪೂರ್ತಿ ಅಳಿಯುವುದಿಲ್ಲ. ಕಪ್ಪುಕುಳಿಯಲ್ಲಿ ಅಳಿಯುತ್ತದೆ ಎಂದು 1976ರಲ್ಲಿ ವಾದಿಸಿದ್ದ ಹಾಕಿಂಗ್ 2004ರಲ್ಲಿ ಸೋಲೊಪ್ಪಿ ಪಂದ್ಯದ ಬಾಕಿ ತೀರಿಸಿದರು. ಹಾಗಾದರೆ ಭಾಷಣಕಾರರು ಗೆದ್ದರೇ?

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಆ ಬೆಂಕಿಯ ಬೆಳಕು ಇವತ್ತೂ ಬಾಹ್ಯಾಕಾಶದಲ್ಲಿ ಹೋಗುತ್ತಲೇ ಇರಬಹುದು. ಬೀಗ ಹಾಕಿದ ಕೈ ಯಾವುದು, ಕಡ್ಡಿ ಗೀರಿದ ಕೈ ಯಾವುದು, ಭೌತಶಾಸ್ತ್ರದ ಲೆಕ್ಕದಲ್ಲಿ ಎಲ್ಲವೂ ವಿಶ್ವದಲ್ಲಿದೆ. ಕೋರ್ಟಿನಲ್ಲಿರಲಿಲ್ಲ. 2006ರಲ್ಲಿ ಸಾಕ್ಷಿಗಳು ತಿರುಗಿದರು, ಆರೋಪಿಗಳೆಲ್ಲ ಖುಲಾಸೆಯಾದರು. ಯಾರೂ ಒಟ್ಟುಗೂಡಿಸಲಾಗದ, ಯಾರೂ ಓದಲಾಗದ ಮಾಹಿತಿ ನಮ್ಮ ಯಾವ ಕೆಲಸಕ್ಕೆ ಬಂತು? ಬೇಕಾಗಿದ್ದದ್ದು ಹೆದರದೆ ನಿಲ್ಲುವ ಒಂದು ಮೈ, ಅದರೊಳಗಿನ ನೆನಪು, ಅದನ್ನು ಕಾಯುವ ನೆರೆ.

ಪ್ರಜ್ಞೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೊನೊನಿ 2004ರಿಂದ ಕಟ್ಟುತ್ತ ಬಂದಿರುವ, ಮಾಹಿತಿಯ ಜೋಡಣೆಯೇ ಪ್ರಜ್ಞೆ ಎನ್ನುವ ಸಿದ್ಧಾಂತವನ್ನು ಭಾಷಣಕಾರರು ತಮ್ಮ ಸಾಕ್ಷಿಯಾಗಿ ಕರೆದರು. ಅದನ್ನು ಹುಸಿವಿಜ್ಞಾನ ಅಂತ 2023ರಲ್ಲಿ ನೂರಕ್ಕೂ ಹೆಚ್ಚು ಸಂಶೋಧಕರು ಬಹಿರಂಗ ಪತ್ರ ಬರೆದದ್ದು ಹಾಗಿರಲಿ. ಆ ಸಿದ್ಧಾಂತವೂ ಪ್ರಜ್ಞೆಯನ್ನು ಮಿದುಳಿನಂಥ ಕಟ್ಟಡದೊಳಗೇ ಹುಡುಕುತ್ತದೆ, ಆಕಾಶದಲ್ಲಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಅರಿವಳಿಕೆ ಕೊಟ್ಟರೆ ಯಾವ ಕ್ಷೇತ್ರವೂ ನಮ್ಮನ್ನು ಎಚ್ಚರವಿಡುವುದಿಲ್ಲ.

ಭಾಷಣ ಮುಗಿದಾಗ ಒಬ್ಬ ಹುಡುಗಿ ಎದ್ದು ಕೇಳಿದಳು: “ಸಾರ್, ಎಲ್ಲಾ ಒಂದೇ ಕ್ಷೇತ್ರ ಅಂದ್ರೆ ನಮ್ಮ ಹಟ್ಟಿ ಯಾಕೆ ಊರಾಚೆ ಐತೆ?” ಅವರು ನಕ್ಕು, “ಹಿಂದಿನ ಸಂಸ್ಕಾರದ ಮಾಹಿತಿ ಮುಂದಕ್ಕೆ ಬರುತ್ತಮ್ಮಾ” ಅಂದರು. ನಮ್ಮ ಚಪ್ಪಾಳೆಯ ಕೈ ತಣ್ಣಗಾದದ್ದು ಆಗ. ಚಿತ್ರಗುಪ್ತನ ಖಾತೆ ಪುಸ್ತಕಕ್ಕೆ ಹೊಸ ರಟ್ಟು ಹಾಕಿದ್ದರು ಅಷ್ಟೆ. ಲಾಸ್ಲೋ ಮೇಲೆ ನಮಗೆ ಈ ದೂರಿಲ್ಲ, ಬುಡಾಪೆಸ್ಟಿನಲ್ಲಿ ಹುಟ್ಟಿದವರಿಗೆ ನಮ್ಮ ಹಟ್ಟಿ ಎಲ್ಲಿದೆ ಅಂತ ಏನು ಗೊತ್ತು. ಆದರೆ ಅವರು ಕಡ ತಂದ ಪದದ ಬೆನ್ನಿಗೆ ಏನೇನು ಅಂಟಿದೆ ಎನ್ನುವುದನ್ನು ನಾವು ಹೇಳಲೇಬೇಕು. ಆಕಾಶದ ಗುಣ ಶಬ್ದ ಅಂದವರು ವೈಶೇಷಿಕರು. ಶಬ್ದ ಎಲ್ಲೆಲ್ಲೂ ಇತ್ತು. ವೇದ ಕೇಳಿದ ಶೂದ್ರನ ಕಿವಿಗೆ ಸೀಸ, ಅರಗು ತುಂಬಬೇಕೆಂಬ ಸ್ಮೃತಿಯ ಮಾತನ್ನು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಆಧಾರವಾಗಿ ಎತ್ತಿಕೊಳ್ಳುತ್ತಾರೆ. ಆಕಾಶ ಎಲ್ಲರದಾಗಿದ್ದ ಕಾಲದಲ್ಲೇ ಕಿವಿಗೆ ಬೇಲಿ ಬಿದ್ದಿತ್ತು.

ಇದೇ ಆಕಾಶ ಬಾಬಾಸಾಹೇಬರ ‘ದಿ ಬುದ್ಧ ಅಂಡ್ ಹಿಸ್ ಧಮ್ಮ’ದಲ್ಲೂ ಬರುತ್ತದೆ, ಆ ಪುಸ್ತಕ ಅವರು ಹೋದ ಮೇಲೆ, 1957ರಲ್ಲಿ ಬಂತು. ಸತ್ತ ಮೇಲೆ ಪೃಥ್ವಿ, ಅಪ್, ತೇಜ, ವಾಯುಗಳು ಆಕಾಶದಲ್ಲಿರುವ ತಮ್ಮಂಥವುಗಳ ರಾಶಿಗೆ ಸೇರುತ್ತವೆ, ಮತ್ತೆ ಹೊಸದಾಗಿ ಕೂಡುತ್ತವೆ ಎಂದು ಅಲ್ಲಿ ಬುದ್ಧನ ಪುನರ್ಜನ್ಮವನ್ನು ಬಿಡಿಸುತ್ತಾರೆ. ಆತ್ಮ ದಾಟಿ ಹೋಗುವುದಿಲ್ಲ. ಹಿಂದಿನ ಜನ್ಮದ ಪಾಪ ಇಂದಿನ ಬಡವನ ತಲೆಗೆ ಬರುತ್ತದೆಂಬ ಮಾತನ್ನು ಬಾಬಾಸಾಹೇಬರು ಕಟುವಾಗಿ ತಳ್ಳಿಹಾಕುತ್ತಾರೆ. ಅವರ ಆಕಾಶದಲ್ಲಿ ಬೆರೆಯುವುದಕ್ಕೆ ಜಾಗವಿದೆ, ಬಾಕಿ ಬರೆದಿಡುವ ಗುಮಾಸ್ತನಿಗೆ ಇಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರು ಲಾಸ್ಲೋ ಪುಸ್ತಕವನ್ನು ಮಕ್ಕಳಿಗೆ ಕೊಡುವುದಾದರೆ ಈ ಪುಟಗಳನ್ನೂ ಜೊತೆಗೆ ಕೊಡಲಿ.

ಅಜ್ಜಿಯ ಪದಗಳ ವಿಷಯ ಹೇಳಿ ನಿಲ್ಲಿಸುತ್ತೇವೆ. ಮಂಟೇಸ್ವಾಮಿ ಕತೆ ಹೇಳುವ ನೀಲಗಾರರು ರಾತ್ರಿಗಟ್ಟಲೆ ಹಾಡುತ್ತಾರೆ. ಅದನ್ನು ಅವರು ಆಕಾಶದಿಂದ ಇಳಿಸಿಕೊಳ್ಳಲಿಲ್ಲ, ಹಿರಿಯರ ಮಗ್ಗುಲಲ್ಲಿ ವರ್ಷಗಟ್ಟಲೆ ಕೂತು, ಹಿಮ್ಮೇಳ ಹೇಳಿ, ತಪ್ಪಿ, ಬೈಸಿಕೊಂಡು ಕಲಿತರು. ಅಜ್ಜಿಯ ಮಗ್ಗುಲಲ್ಲಿ ನಾವು ಹಾಗೆ ಕೂರಲಿಲ್ಲ. ಆದರೆ ಅವಳ ಜೊತೆ ನಾಟಿಗೆ ಹೋಗುತ್ತಿದ್ದ ಮುದುಕಿಯೊಬ್ಬಳು ಪಕ್ಕದ ಹಟ್ಟಿಯಲ್ಲಿದ್ದಾಳೆ. ಹೋದ ತಿಂಗಳು ಫೋನು ಹಿಡಿದು ಅವಳ ಮುಂದೆ ಕೂತೆವು. ಜಾಗ ಸಾಲದೆ ನಮ್ಮ ಪದವಿ ಪ್ರದಾನದ ದಿನದ ಪಟಗಳನ್ನು ಅಳಿಸಬೇಕಾಯಿತು. ಫೋನು ಅಂಗೈ ಸುಡುವ ಹಾಗೆ ಕಾದಿತ್ತು. ಲ್ಯಾಂಡವರ್ ಹೇಳಿದ್ದಕ್ಕಿಂತ ಅದು ಎಷ್ಟೋ ಕೋಟಿ ಪಾಲು ಹೆಚ್ಚು, ಅಗ್ಗದ ಫೋನು. ಮುದುಕಿ ಎರಡು ಪದ ಪೂರ್ತಿ ಹೇಳಿದಳು. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅಂದಳು: “ಮುಂದ್ಕೆ ನಾನು ಬರೀ ಸೊಲ್ಲು ಎತ್ಕೊತಿದ್ದೆ ಕಣ್ ಮಗ. ಹೇಳ್ತಿದ್ದೋಳು ನಿಮ್ಮಜ್ಜಿ.”