ಮಂಗಳೂರು ಹೆಂಚು

ಮಂಗಳೂರು ಹೆಂಚಿನ ಜಾಣ್ಮೆಯೆಲ್ಲ ಅದರ ಅಂಚಿನಲ್ಲಿದೆ. ಒಂದರ ತೋಡಿಗೆ ಇನ್ನೊಂದರ ಏಣು ಕಚ್ಚಿಕೊಳ್ಳುತ್ತದೆ, ಅಡಿಯ ಉಬ್ಬು ರೀಪಿಗೆ ಆತುಕೊಳ್ಳುತ್ತದೆ, ಗಾರೆಯ ಹಂಗಿಲ್ಲ. ಮಳೆನೀರು ಇಳಿಜಾರಿನಲ್ಲಿ ಜಾರಿಹೋದರೆ, ಸಂದುಗಳಿಂದ ಒಳಗಿನ ಬಿಸಿಗಾಳಿಯೂ ಒಲೆಯ ಹೊಗೆಯೂ ಹೊರಬೀಳುತ್ತವೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗ ಯುರೋಪಿನ ಅಚ್ಚಿಗೆ ಇಲ್ಲಿನ ನದಿದಂಡೆಯ ಜೇಡಿಮಣ್ಣು ಒದಗಿತು. ಕರಾವಳಿಯ ಬದುಕಿಗೆ ಈ ಹೆಂಚು ಎಷ್ಟು ಒಗ್ಗಿತೆಂದರೆ, ನಡುವೆ ಕೂರಿಸಿದ ಒಂದೇ ಒಂದು ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಕೋಲು ಅಡುಗೆಮನೆಗೆ ಹಗಲುದೀಪವಾಯಿತು.

ಮಂಗ ಹಾರಿದರೆ ಒಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು, ಆ ಕೆಲಸಕ್ಕೆ ಜನ ಸಿಗುವುದಿಲ್ಲ, ಅಡಿಕೆ ಒಣಗಿಸಲು ತಾರಸಿಯೇ ಅನುಕೂಲ ಎನ್ನುವವರ ಮಾತು ಸುಳ್ಳಲ್ಲ. ಅಡಿಕೆಯ ವಿಷಯದಲ್ಲಂತೂ ಒಪ್ಪಲೇಬೇಕು. ಆದರೆ ಒಡೆದದ್ದು ಒಂದು ಹೆಂಚಾದರೆ ಬದಲಿಸುವುದೂ ಒಂದನ್ನೇ. ತಾರಸಿ ಬಿರುಕುಬಿಟ್ಟರೆ ನೀರು ಎಲ್ಲಿಂದ ಇಳಿಯುತ್ತಿದೆಯೆಂದು ಪತ್ತೆಹಚ್ಚುವುದೇ ದೊಡ್ಡ ಪಾಡು. ಕರಾವಳಿಯ ಎಷ್ಟೋ ತಾರಸಿಗಳ ಮೇಲೆ ಈಗ ಮತ್ತೆ ಇಳಿಜಾರಾಗಿ ಶೀಟು ಹೊದಿಸಿರುವುದನ್ನು ನೋಡಿ. ಹೆಂಚು ಮಾತ್ರ ಹಳೆ ಮನೆ ಕೆಡವಿದ ಮೇಲೂ ಒಂದೊಂದಾಗಿ ಇಳಿದು, ಇನ್ನಾರದೋ ಕೊಟ್ಟಿಗೆಯ ಮಾಡು ಏರುತ್ತದೆ.