ಪದದರ್ಶನವೂ ಅಕ್ಷರಬೋಧೆಯೂ

ಬಾಲಕರಿಗೆ ಓದು ಕಲಿಸುವುದರಲ್ಲಿ ಎರಡು ಪಕ್ಷಗಳುಂಟು. ಅಕ್ಷರಗಳನ್ನು ಕಲಿಸಿ ಪದವನ್ನು ಕೂಡಿಸುವುದು ಒಂದು. ಪದವನ್ನು ಬಿಡಿಸದೆ ಇಡಿಯಾಗಿ ಕಣ್ಣಿಗೆ ಪರಿಚಯಮಾಡಿಸುವುದು ಮತ್ತೊಂದು. ಅಮೆರಿಕೆಯ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ 220 ಪದಗಳ ಪಟ್ಟಿಯು ಎರಡನೆಯ ಪಕ್ಷಕ್ಕೆ ಆಧಾರವಾಯಿತು. ಇಂಗ್ಲಿಷಿನಲ್ಲಿ ‘ವನ್’, ‘ಸೆಡ್’ ಮೊದಲಾದ ನಿತ್ಯದ ಪದಗಳ ಬರಹವು ಉಚ್ಚಾರವನ್ನು ಅನುಸರಿಸದು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಬರಹವು ಯೌಗಿಕವಲ್ಲ, ರೂಢ. ಆದುದರಿಂದ ಆ ಉಪಾಯವು ಅಲ್ಲಿ ಯುಕ್ತವೇ ಸರಿ.

ಅದನ್ನು ಕನ್ನಡಕ್ಕೆ ಹಾಗೆಯೇ ತರಬಹುದೆ ಎಂಬುದು ವಿಚಾರಣೀಯ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ಉದ್ಯಮಬಾಗದ ಹೆಸರೇ ಇದಕ್ಕೆ ನಿದರ್ಶನ. ಅಲ್ಲಿಯ ಕಾರಖಾನೆಗಳ ಮಗ್ಗುಲಲ್ಲಿ ಬೆಳೆಯುವ ಮಗುವು ಫಲಕದ ಮೇಲಿನ ಆ ಹೆಸರನ್ನು ಶಾಲೆಗೆ ಸೇರುವ ಮೊದಲೇ ಗುರುತಿಸಬಹುದು. ಅದು ಚಿತ್ರಜ್ಞಾನ, ಓದಲ್ಲ. ‘ಮಗ’ ಎಂದು ಬರೆದು ತೋರಿಸಿದರೆ ಮಗುವು ಸುಮ್ಮನಾಗುವುದು. ಉ, ದ್ಯ, ಮ, ಬಾ, ಗ ಎಂಬ ಐದು ಅಕ್ಷರಗಳನ್ನು ಅರಿತುದಾದರೋ ‘ಮಗ’, ‘ಬಾ’ ಎಂಬಿವನ್ನು ತಾನೇ ಓದುವುದು. ಅಲ್ಲದೆ ಕನ್ನಡದ ಪದಕ್ಕೆ ಸ್ಥಿರವಾದ ಮುಖವಿಲ್ಲ. ‘ಮನೆ’ಯು ಮನೆಗೆ, ಮನೆಯಲ್ಲಿ, ಮನೆಯಿಂದ ಎಂದು ಪ್ರತ್ಯಯಗಳೊಡನೆ ಬೆಳೆಯುತ್ತದೆ. ಇವನ್ನೆಲ್ಲ ಪಟ್ಟಿಮಾಡಿ ಮುಗಿಸುವುದೆಂತು?

ಗಡಿನಾಡಿನಲ್ಲಿ ಇನ್ನೊಂದು ವಿಶೇಷವುಂಟು. ಮನೆಯಲ್ಲಿ ಮರಾಠಿಯಾಡುವ ಮಗುವಿಗೆ ದೇವನಾಗರಿಯೂ ಕನ್ನಡಲಿಪಿಯೂ ಒಂದೇ ವರ್ಣಕ್ರಮದವು. ಒಂದರಲ್ಲಿ ಕಾಗುಣಿತದ ಮರ್ಮವನ್ನು ಅರಿತರೆ ಇನ್ನೊಂದಕ್ಕೆ ಅರ್ಧ ದಾರಿ ಸವೆದಂತೆ. ಪದಚಿತ್ರವಾದರೋ ಒಂದು ಲಿಪಿಯಿಂದ ಇನ್ನೊಂದಕ್ಕೆ ಬಾರದು.

ಹಾಗೆಂದು ಹಳೆಯ ಕ್ರಮವು ನಿರ್ದೋಷವೆನ್ನಲಾಗದು. ವರ್ಣಮಾಲೆ, ಕಾಗುಣಿತಗಳು ಮುಗಿದ ಮೇಲೆಯೇ ಒತ್ತಕ್ಷರವೆಂದರೆ, ಮಗುವು ಮೊದಲು ಆಡಿದ ‘ಅಮ್ಮ’ ಎಂಬ ಪದವನ್ನು ಓದಲು ಬಹುಕಾಲ ಕಾಯಬೇಕು. ‘ಅಪ್ಪ’ದ ಒತ್ತು ಪಕಾರವನ್ನೇ ಹೋಲುವುದು, ‘ಅಮ್ಮ’, ‘ಇಲ್ಲ’ಗಳ ಒತ್ತುಗಳು ಮೂಲಾಕ್ಷರವನ್ನು ಹೋಲವು. ಕನ್ನಡದ ಮಕ್ಕಳಲ್ಲಿ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದೆಂದು ಸೋನಾಲಿ ನಾಗ್ ಅವರ 2007ರ ಸಂಶೋಧನೆಯು ತೋರಿಸಿದೆ. ಅಷ್ಟರೊಳಗೆ ಅರ್ಥವುಳ್ಳ ಓದಿನ ರುಚಿ ಹತ್ತದಿದ್ದರೆ ಮಗುವು ಪುಸ್ತಕಕ್ಕೇ ವಿಮುಖವಾದೀತು.

ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ಯು ಇದಕ್ಕೆ ಮಧ್ಯಮಮಾರ್ಗವನ್ನು ಹಿಡಿಯಿತು. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ತೊಡಗಿದುದರಿಂದ ಅರಸ, ಅಗಸ, ಗರಗಸಗಳು ಕೂಡಲೇ ದೊರೆತವು. ಇದು ಶ್ಲಾಘ್ಯ. ಆದರೆ ‘ಅಮ್ಮ’ನಿಗಿಂತ ಗರಗಸವು ಮುಂದಾದುದು ಮಾತ್ರ ಚಿಂತನೀಯ.

ಆದುದರಿಂದ ಅಮ್ಮ, ಅಣ್ಣ, ಇಲ್ಲ, ನನ್ನ ಎಂಬಂಥ ಕೆಲವೇ ಪದಗಳನ್ನು ಮೊದಲು ಇಡಿಯಾಗಿ ತೋರಿಸಿ, ಒತ್ತಕ್ಷರವನ್ನು ಕಲಿಸುವಾಗ ಅವನ್ನೇ ಬಿಡಿಸುವುದು ಲೇಸು. ಪದದರ್ಶನವು ಬಾಗಿಲು, ಅಕ್ಷರವೇ ಮನೆ.